ರಾಯಚೂರು ಬಿಟ್ಟು ಹೈದ್ರಾಬಾದಿಗೆ ಹೋದ್ರ ಕೈಯಾಗ ಏನು ಉಳೀತದ?

ಮಾವಿನಕೆರಿ ದಂಡಿ (ಪ್ರಶ್ನೆ)

ಎಲ್ಲರಿಗೂ ಶರಣ್ರಿ. ಲೆಕ್ಕದ ವಿಷಯ, ಸ್ವಲ್ಪ ಉದ್ದ ಅದ, ಬೇಸರ ಮಾಡ್ಕೋಬ್ಯಾಡ್ರಿ.

ನಾನು ರಾಯಚೂರಾಗ ಒಂದು ಬೀಜದ ಕಂಪನಿ ಗೋದಾಮಿನ ಲೆಕ್ಕ ನೋಡ್ಕೋತೀನಿ. ಕೈಗೆ 46,000 ಬರ್ತದ. ಈಗ ಹೈದ್ರಾಬಾದಿನ ದೊಡ್ಡ ಗೋದಾಮಿಗೆ ಬಾ, 60,000 ಕೊಡ್ತೀವಿ ಅಂತ ಕರೀಲಿಕತ್ತಾರ. ಗೋದಾಮು ಉಪ್ಪಲ್ ದಾಟಿ ಘಟ್‌ಕೇಸರ್ ಕಡಿ. ಏಪ್ರಿಲ್ ಮುಗಿಯೋದ್ರೊಳಗ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು.

ಮನ್ಯಾಗ ಅವ್ವ, ನನ್ನ ಹೆಂಡತಿ, ಮಗಳು ಎಂಟನೇ ಕ್ಲಾಸ್ ಮುಗಿಸ್ಲಿಕತ್ತಾಳ, ಮಗ ಮೂರನೇದು. ಬಾಡಿಗಿ 7,500. ಗೃಹಜ್ಯೋತಿ ಇರೋದ್ರಿಂದ ಕರೆಂಟ್ ಬಿಲ್ಲು ಬಹಳ ತಿಂಗಳು ಸೊನ್ನಿ, ಏಪ್ರಿಲ್-ಮೇದಾಗ ಕೂಲರ್ ಹಚ್ಚಿದಾಗಷ್ಟೇ ಬರ್ತದ. ಅವ್ವನ ಖಾತಿಗೆ ಗೃಹಲಕ್ಷ್ಮಿ 2,000. ಹೆಂಡತಿ ಮನ್ಯಾಗೇ ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗೆ ಕೊಡ್ತಾಳ, ಖರ್ಚು ತೆಗೆದು ತಿಂಗಳಿಗೆ ಆರು ಸಾವಿರ ಮ್ಯಾಲೆ ಕೆಳಗ ಉಳೀತದ. ಕೆಎ-36 ನಂಬರಿನ ಒಂದು ಪೆಟ್ರೋಲ್ ಕಾರು ಅದ, 2019ರದ್ದು, ಸಾಲ ಇನ್ನೂ ತೀರಿಲ್ಲ. ಒಂದು ಬೈಕ್.

ನಮ್ಮ ಭಾವಮೈದ ಅಂತಾನ, ತೆಲಂಗಾಣದಾಗ ತೆರಿಗಿ ಕಮ್ಮಿ, ಕಣ್ಣು ಮುಚ್ಚಿ ಹೋಗು ಅಂತ. ಆಫೀಸಿನ ಹಿರಿಯರೊಬ್ಬರು ಅಂತಾರ, ಅಲ್ಲಿ ಉಸಿರಾಡಿದ್ರೂ ರೊಕ್ಕ ಅಂತ. ಇಬ್ಬರ ಮಾತೂ ನನಗ ಪೂರ್ತಿ ನಂಬಿಕಿ ಬರವಲ್ದು.

ನನ್ನ ಯೋಚನಿ ಹಿಂಗದ: ಮೊದಲನೇ ವರ್ಷ ನಾನೊಬ್ಬನೇ ಹೋಗಿ ಹಾಸ್ಟೆಲಿನಾಗ ಇರ್ತೀನಿ. ಊರು, ಕೆಲಸ ಎರಡೂ ಹೊಂದಿದ್ರ ಮುಂದಿನ ವರ್ಷ ಎಲ್ಲಾರ್ನೂ ಕರಕೊಂಡು ಹೋಗ್ತೀನಿ. ಕಾರಿಗೆ ಮತ್ತ ತೆರಿಗಿ ಕಟ್ಟಬೇಕೇನು? ವೃತ್ತಿ ತೆರಿಗಿ, ಪೆಟ್ರೋಲು, ಕರೆಂಟು, ಎಲ್ಲಾ ಕೂಡಿ ಎಷ್ಟು ಫರಕ್ ಬೀಳ್ತದ? ಹೋಗಿ ನೋಡಿದವ್ರು ಹೇಳ್ರಿ.


ಉಪ್ಪಲ್‌ನ್ಯಾಗ ರಾಯಚೂರು

ಅಣ್ಣಾರ, ನಾನು ದೇವಸೂಗೂರಿನವ. ಆರ್‌ಟಿಪಿಎಸ್ (ರಾಯಚೂರಿನ ಕರೆಂಟ್ ತಯಾರಿಸೋ ಸ್ಥಾವರ) ಚಿಮಣಿ ನೋಡ್ಕೊಂತ ಬೆಳೆದು ಈಗ ಉಪ್ಪಲ್‌ನ್ಯಾಗ ಸಂಸಾರ ಹೂಡೀನಿ. ನಿಮ್ಮ ಗೋದಾಮು ಇರೋ ದಾರಿ ನನಗ ಗೊತ್ತು.

ಮೊದಲ ತೆರಿಗಿ ಮುಗಿಸ್ತೀನಿ, ಯಾಕಂದ್ರ ಅದರಾಗ ಹೇಳೋದು ಕಮ್ಮಿ ಅದ. ಆದಾಯ ತೆರಿಗಿ ದಿಲ್ಲಿದು. ರಾಯಚೂರಾದ್ರೂ ಅಷ್ಟೇ, ಉಪ್ಪಲ್ ಆದ್ರೂ ಅಷ್ಟೇ. ನಿಮ್ಮದು ವರ್ಷಕ್ಕ 7.2 ಲಕ್ಷ ಆಗ್ತದ. 2025-26ರಿಂದ ಹೊಸ ಪದ್ಧತಿಯಾಗ 12 ಲಕ್ಷದ ತನಕ ರಿಬೇಟ್ ಅದ, ಸಂಬಳದವ್ರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬ್ಯಾರೆ. ಹಂಗಾಗಿ ಎಲ್ಲಿದ್ರೂ ಸೊನ್ನಿ. ಜಿಎಸ್‌ಟಿ ದೇಶಕ್ಕೆಲ್ಲಾ ಒಂದೇ, ಸೋಪಿಗೂ ಚಪ್ಪಲಿಗೂ ಗಡಿ ದಾಟಿದ್ರ ದರ ಬದಲಾಗಂಗಿಲ್ಲ. ಇನ್ನು ವೃತ್ತಿ ತೆರಿಗಿ ರಾಜ್ಯದ್ದು. ಕರ್ನಾಟಕದಾಗ ತಿಂಗಳಿಗೆ 200, 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗಷ್ಟೇ 300, ಒಟ್ಟು 2,500. ಸಂವಿಧಾನದಾಗ ಅದಕ್ಕಿಂತ ಹೆಚ್ಚು ಹಾಕಂಗೇ ಇಲ್ಲ. ತೆಲಂಗಾಣದಾಗ 20,000 ದಾಟಿದವ್ರಿಗೆ ತಿಂಗಳಿಗೆ 200, ವರ್ಷಕ್ಕ 2,400. ನಿಮ್ಮ ಭಾವಮೈದ ಹೇಳಿದ ಲಾಭ ಅಂದ್ರ ಈ ನೂರು ರೂಪಾಯಿ. ಅದನ್ನ ಅವರಿಗೇ ಕೊಟ್ಟುಬಿಡ್ರಿ.

ಪೆಟ್ರೋಲಿಗೆ ಜಿಎಸ್‌ಟಿ ಇಲ್ಲ, ಅಲ್ಲಿ ರಾಜ್ಯದ ಕೈ ಆಡ್ತದ. ಕರ್ನಾಟಕದವ್ರು 2024ರ ಜೂನ್‌ನ್ಯಾಗ ಪೆಟ್ರೋಲ್ ಮ್ಯಾಲಿನ ಮಾರಾಟ ತೆರಿಗಿ 29.84ಕ್ಕ ಏರಿಸಿದ್ರು, ನಾವೆಲ್ಲಾ ಬೈದ್ವಿ. ತೆಲಂಗಾಣದಾಗ ಅದು 35.2 ಪರ್ಸೆಂಟ್. 2025ರಾಗ ಬೆಂಗಳೂರಾಗ ಲೀಟರಿಗೆ 103ರ ಆಜುಬಾಜು ಇದ್ದಾಗ ಹೈದ್ರಾಬಾದಿನಾಗ 107 ದಾಟಿತ್ತು. ತಿಂಗಳಿಗೆ ಮೂವತ್ತು ಲೀಟರ್ ಹಾಕ್ಸಿದ್ರ ನೂರಾ ಇಪ್ಪತ್ತು-ಮೂವತ್ತು ರೂಪಾಯಿ ಹೆಚ್ಚು, ಅಷ್ಟೇ. ದರ ಅಲ್ಲ, ದೂರ ನೋಡ್ರಿ. ರಾಯಚೂರಾಗ ಮನಿಯಿಂದ ಗಂಜ್ ಮಾರ್ಕೆಟ್ಟಿಗೆ ಬೈಕಿನ ಮ್ಯಾಲೆ ಹತ್ತು ನಿಮಿಷ. ಇಲ್ಲಿ ನೀವು ಗೋದಾಮಿನ ಬುಡಕ್ಕೇ ಮನಿ ಹಿಡೀಲಿಲ್ಲಂದ್ರ ದಿನಾ ಮೂವತ್ತು-ನಲವತ್ತು ಕಿಲೋಮೀಟರ್ ಓಡ್ಸಬೇಕಾಗ್ತದ.

ಕರೆಂಟಿನ ಕತಿ ಬ್ಯಾರೆ ಅದ, ಇದನ್ನ ತಿಳ್ಕೊಂಡು ಬರ್ರಿ. ಇಲ್ಲೂ ಗೃಹಜ್ಯೋತಿ ಅದ, 2024ರ ಮಾರ್ಚ್‌ನಿಂದ 200 ಯೂನಿಟ್ ಪುಕ್ಕಟಿ. ಆದ್ರ ಬಿಳಿ ರೇಷನ್ ಕಾರ್ಡ್ ಇದ್ದವ್ರಿಗೆ ಮಾತ್ರ. ನಮ್ಮಂಗ ಹೊರಗಿಂದ ಬಂದು ಬಾಡಿಗಿ ಹಿಡಿದವ್ರು ಪೂರ್ತಿ ಕಟ್ಟಬೇಕು. ಅದರಾಗ ಒಂದು ಗಮ್ಮತ್ತದ. ತಿಂಗಳಿಗೆ 200 ಯೂನಿಟ್ ಒಳಗ ಇದ್ರ ಮೊದಲ ನೂರಕ್ಕ 3.40, ಮುಂದಿನ ನೂರಕ್ಕ 4.80, ಅಂದ್ರ 820 ರೂಪಾಯಿ. 201ನೇ ಯೂನಿಟ್ ಬಿತ್ತೋ, ಹಿಂದಿನ 200ಕ್ಕೂ 5.10ರಂತೆ ಹಚ್ಚಿ 1,020 ಮಾಡ್ತಾರ, ಅದರ ಮ್ಯಾಲಿಂದಕ್ಕ 7.70. ಒಂದು ಯೂನಿಟ್ಟಿಗೆ ಇನ್ನೂರು ರೂಪಾಯಿ ದಂಡ ಬಿದ್ದಂಗ. ಇದು 2025-26ರ ದರ. ನನ್ನ ಹೆಂಡತಿ 25ನೇ ತಾರೀಖಿಗೆ ಮೀಟರ್ ನೋಡಿ, 180 ದಾಟಿತ್ತಂದ್ರ ಇಸ್ತ್ರಿ ಪೆಟ್ಟಿಗಿ ಎತ್ತಿ ಬೀರುವಿನ ಮ್ಯಾಲೆ ಇಡ್ತಾಳ.

ಬಾಡಿಗಿ: ನಮ್ಮದು ಎರಡು ಬೆಡ್‌ರೂಮು, 17,000, ಮೇಂಟೆನೆನ್ಸ್ 1,500. ಬೆಂಗಳೂರಿನಂಗ ಹತ್ತು ತಿಂಗಳ ಅಡ್ವಾನ್ಸ್ ಕೇಳಂಗಿಲ್ಲ, ಎರಡು ತಿಂಗಳದ್ದು ಕೊಟ್ರ ಸಾಕು. ಘಟ್‌ಕೇಸರ್ ಕಡಿ ಎರಡು-ಮೂರು ಸಾವಿರ ಕಮ್ಮಿಗೆ ಸಿಕ್ಕೀತು. ನೀರು ತಿಂಗಳಿಗೆ 20,000 ಲೀಟರ್ ತನಕ ಪುಕ್ಕಟಿ ಅಂತ 2021ರಿಂದ ಅದ, ಆದ್ರ ಬ್ಯಾಸಗ್ಯಾಗ ಅಪಾರ್ಟ್‌ಮೆಂಟಿನವ್ರು ಟ್ಯಾಂಕರ್ ತರಿಸಿ ರೊಕ್ಕ ಹಂಚ್ತಾರ. ಅಕ್ಕಿ ನಾನು ಇಲ್ಲಿ ಕೊಳ್ಳೋದೇ ಇಲ್ಲ. ಮಾನ್ವಿ ಸೋನಾ ಮಸೂರಿ ಎರಡು ಚೀಲ ಊರಿಂದ ಹಾಕ್ಕೊಂಡು ಬರ್ತೀನಿ. (ಅಕ್ಕಿ ತರ್ರಿ, ಭತ್ತ ಲಾರಿಗಟ್ಲೆ ತರಬ್ಯಾಡ್ರಿ. ಇಲ್ಲಿ ಸಣ್ಣ ಭತ್ತಕ್ಕ ಕ್ವಿಂಟಲಿಗೆ 500 ಬೋನಸ್ ಕೊಡೋದಕ್ಕ ಹತ್ತಿದ ಮ್ಯಾಲೆ ನಮ್ಮ ಕಡಿ ಭತ್ತ ಒಳಗ ನುಸುಳಬಾರ್ದಂತ ಗಡ್ಯಾಗ ಚೆಕ್‌ಪೋಸ್ಟ್ ಹಾಕ್ಯಾರ.)

ನಿಮ್ಮ ಮನಿಯವ್ರ ರೊಟ್ಟಿ ಬಗ್ಗೆ ಮಾತ್ರ ಖುಷಿ ಸುದ್ದಿ. ಇಲ್ಲಿ ಸಂಜಿ ಆರಕ್ಕ ಮೂಲಿ ಮೂಲ್ಯಾಗ ಒಲಿ ಹಚ್ಚಿ ಜೊನ್ನ ರೊಟ್ಟಿ ಮಾಡ್ತಾರ. ನಮ್ಮ ಓಣ್ಯಾಗ ಒಂದಕ್ಕ 20. ಮೆತ್ತಗ, ದಪ್ಪ, ಬಿಸಿಬಿಸಿ ಒಯ್ತಾರ. ನಮ್ಮ ಖಡಕ್ ರೊಟ್ಟಿ ಮಾತ್ರ ಸಿಗೋದು ಅಪರೂಪ. ಬಿಟ್ಟ ಆರು ಸಾವಿರ ವರ್ಷದೊಳಗ ವಾಪಸ್ ಬಂದೀತು ಅಂತ ನನ್ನ ಅಂದಾಜು.


ಹಗರಿ ಹೊಳಿ

ನಾನು ಬಳ್ಳಾರಿ. ಗುಂತಕಲ್ಲಿನಾಗೆ ಕೆಲಸ, ಬಳ್ಳಾರಿನಾಗೆ ಮನೆ, ದಿನಾ ರೈಲು. ಬೇಕಂತಲೇ ಹಿಂಗೆ ಇಟ್ಕೊಂಡೀನಿ. ನಮ್ ತಾತನ ಕಾಲಕ್ಕೆ ಆದೋನಿ, ಆಲೂರು, ರಾಯದುರ್ಗ ಎಲ್ಲಾ ಬಳ್ಳಾರಿ ಜಿಲ್ಲೆನೇ. 1953ರಾಗೆ ಬಳ್ಳಾರಿ ಮೈಸೂರಿಗೆ ಬಂತು, ಅವು ಆಂಧ್ರದ ಕಡೆ ಉಳಿದ್ವು. ಅದಕ್ಕೆ ನಮ್ ಮನೆ ಬೀಗರೆಲ್ಲಾ ಇನ್ನೂ ಆ ಕಡೆನೇ, ಖರ್ಚಿನ ಲೆಕ್ಕ ಮದುವೆ ಮನೆಯಾಗೇ ಆಗಿಬಿಡ್ತೈತೆ.

ವೃತ್ತಿ ತೆರಿಗೆ ಕೆಲಸ ಮಾಡೋ ಜಾಗಕ್ಕೆ ಬೀಳ್ತೈತೆ, ಮಲಗೋ ಜಾಗಕ್ಕಲ್ಲ. ನನ್ ಸ್ಲಿಪ್ಪಿನಾಗೆ ಆಂಧ್ರದ್ದು 200 ಕಟ್ ಆಗ್ತೈತೆ. ನಮ್ ಜೊತೆ ಒಬ್ಬ ಹುಡುಗ ಐದಾನೆ, 22,000 ಸಂಬಳ. ಕರ್ನಾಟಕದಾಗಿದ್ರೆ ಅವನಿಗೆ ಒಂದು ಪೈಸೆ ಇರ್ತಿರಲಿಲ್ಲ, 2023ರಿಂದ 25,000ದ ತನಕ ಬಿಟ್ಟಾರೆ. ಆಂಧ್ರದಾಗೆ, ತೆಲಂಗಾಣದಾಗೆ 15,000 ದಾಟಿದ್ರೆ 150, 20,000 ದಾಟಿದ್ರೆ 200. ಬಡ ಸಂಬಳದವನಿಗೇ ಅದು ತಟ್ಟೋದು.

ಪೆಟ್ರೋಲ್ ನಾನು ಬಳ್ಳಾರಿನಾಗೇ ಹಾಕ್ಸೋದು. ಆಂಧ್ರದಾಗೆ 31 ಪರ್ಸೆಂಟ್ ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂಪಾಯಿ, ಅದರ ಮೇಲೆ ರಸ್ತೆ ಸೆಸ್ಸು 1 ರೂಪಾಯಿ. ಗಡಿ ಈ ಕಡೆ ಬಂಕುಗಳಾಗೆ ಎಪಿ ನಂಬರ್ ಲಾರಿ ಸಾಲು ನಿಂತಿರ್ತಾವೆ, ಬಂದು ನೋಡ್ರಿ.

ನಿಮಗೆ ಕೇಳೋದು ಒಂದೇ: ಕಂಪನಿಯೋರು ಮಕ್ತಲ್, ಮೆಹಬೂಬ್‌ನಗರ ಇಂಥ ಕಡೆ ಕೆಲಸ ಕೊಡಂಗಿಲ್ವಾ? ರಾಯಚೂರಾಗೆ ಮನೆ ಇಟ್ಕೊಂಡು ಓಡಾಡಬಹುದಲ್ಲ.


ಮಾವಿನಕೆರಿ ದಂಡಿ

ಹಗರಿ ಅಣ್ಣ, ಮಕ್ತಲ್‌ನ್ಯಾಗ ನಮ್ಮ ಕಂಪನಿದು ಏನೂ ಇಲ್ರಿ. ಇದ್ದಿದ್ರ ಕೃಷ್ಣಾ ಸೇತುವಿ ದಾಟಿ ದಿನಾ ಹೋಗಿ ಬರ್ತಿದ್ದೆ.

ಉಪ್ಪಲ್ ಅಣ್ಣ, 201ನೇ ಯೂನಿಟ್ ಮಾತು ಓದಿ ಹೆಂಡತಿಗೆ ತೋರ್ಸಿದೆ. ನಮ್ಮಲ್ಲೂ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರ್ತದಲ್ಲ, ಅದೇನು ಹೊಸದು ಅಂದ್ಲು. ಖರೇ ಅದ. ಹೋದ ಮೇ ತಿಂಗಳ ಬಿಲ್ಲು ತೆಗೆದು ನೋಡಿದ್ರ ಯೂನಿಟ್ಟಿಗೆ 5.80, ಮ್ಯಾಲೆ ಕಿಲೋವ್ಯಾಟಿಗೆ 145ರಂತೆ ನಿಗದಿ ಶುಲ್ಕ, ಅದರ ಮ್ಯಾಲೆ ತೆರಿಗಿ. ಕಟ್ಟೋ ತಿಂಗಳು ನಮ್ಮ ಜೆಸ್ಕಾಂ ಏನು ಅಗ್ಗ ಅಲ್ಲ. ಕಟ್ಟದ ತಿಂಗಳು ಹೆಚ್ಚು ಇರೋದೇ ನಮ್ಮ ಲಾಭ.

ಕಾರಿಂದು ಯಾರರ ಹೇಳ್ರಿ.


ಕೊಪ್ಪಳದ ಲೆಕ್ಕಿಗ

ನಾನು ತೆರಿಗಿ ಕಾಗದ ಮಾಡಾಂವ. ಗಾಡಿ ಬಗ್ಗೆ ವಾರಕ್ಕೊಬ್ರು ಕೇಳ್ಕೊಂಡು ಬರ್ತಾರ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನ್ರಿ.

ಮೋಟಾರು ವಾಹನ ಕಾಯ್ದೆ 1988ರ 47ನೇ ಕಲಮಿನ ಪ್ರಕಾರ, ಒಂದು ರಾಜ್ಯದಾಗ ನೋಂದಣಿ ಆದ ಗಾಡಿ ಇನ್ನೊಂದು ರಾಜ್ಯದಾಗ 12 ತಿಂಗಳಿಗಿಂತ ಹೆಚ್ಚು ಇದ್ರ ಅಲ್ಲಿಯ ಹೊಸ ನಂಬರ್ ತಗೋಬೇಕು. ಒಂದು ವರ್ಷದೊಳಗ ಕೆಎ ನಂಬರಿನ್ಯಾಗ ಓಡಾಡೋದು ತಪ್ಪಲ್ಲ. ಆದ್ರ ಗಾಡಿ ಯಾವಾಗ ಬಂತು ಅನ್ನೋದಕ್ಕ ಪುರಾವಿ ನಿಮ್ಮ ಹತ್ರ ಇರಬೇಕು. ಗಡಿ ದಾಟಿದ ದಿನದ ಫಾಸ್ಟ್ಯಾಗ್ ಮೆಸೇಜು, ಬಾಡಿಗಿ ಕರಾರು ಪತ್ರ, ಕಂಪನಿ ವರ್ಗಾವಣಿ ಪತ್ರ, ಇವನ್ನ ಫೋನಿನ್ಯಾಗ ಇಟ್ಕೋರಿ.

ವರ್ಷ ದಾಟಿ ಇರೋದಾದ್ರ ರಾಯಚೂರು ಆರ್‌ಟಿಓದಿಂದ ಎನ್‌ಓಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕು, ಅದು ಫಾರ್ಮ್ 28. ಸಾಲ ಇದ್ರ ಮೊದಲ ಬ್ಯಾಂಕಿನವ್ರ ಒಪ್ಪಿಗಿ ಪತ್ರ. ನಿಮ್ಮದು ನಿಲ್ಲೋದು ಇಲ್ಲೇ, ಬ್ಯಾಂಕ್ ಶಾಖೆಯವ್ರು ಹೆಡ್ಡಾಫೀಸಿಗೆ ಬರೀತೀವಿ ಅಂತ ಕಾಯಿಸ್ತಾರ. ಇ-ಚಲನ್ ಬಾಕಿ ಇದ್ರ ಅದನ್ನೂ ಮೊದಲ ತೀರಿಸ್ರಿ. ಅಲ್ಲಿ ಹೋಗಿ ಫಾರ್ಮ್ 27 ಹಾಕಿ ಆಜೀವ ತೆರಿಗಿ ಕಟ್ಟಬೇಕು, ಗಾಡಿ ವಯಸ್ಸಾದಷ್ಟೂ ಕಮ್ಮಿ ಆಕ್ಕೈತಿ. ಹೊಸ ಟಿಜಿ ನಂಬರ್ ಬಂದ ಮ್ಯಾಲೆ ಕರ್ನಾಟಕಕ್ಕ ಮೊದಲ ಕಟ್ಟಿದ್ದರಾಗ ಉಳಿದ ಅವಧಿಯ ಪಾಲು ವಾಪಸ್ ಕೊಡ್ರಿ ಅಂತ ಅರ್ಜಿ ಹಾಕಬಹುದು. ಬರ್ತೈತಿ, ಆದ್ರ ಲಗೂನ ಬರೂದಿಲ್ಲ. ಅಂದ್ರ ಅಲ್ಲಿ ಕಟ್ಟೋ ರೊಕ್ಕ ನಿಮ್ಮ ಕೈಯಿಂದ ಮೊದಲ ಹೋಗ್ತೈತಿ, ಇಲ್ಲಿಂದ ಬರೋದಕ್ಕ ಕಾಯಬೇಕು.

ರಾಜ್ಯ ಬದಲಾದ್ರೂ ಹೊಸ ನಂಬರ್ ಬೇಡದ ಬಿಎಚ್ ಸರಣಿ ಅಂತ 2021ರಾಗ ಬಂತಲ್ಲ, ಅದು ಖಾಸಗಿಯವ್ರಿಗೂ ಐತಿ. ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯದಾಗ ಕಚೇರಿ ಇರಬೇಕು, ಅವರು ಫಾರ್ಮ್ 60ರಾಗ ಬರೆದುಕೊಡಬೇಕು. 2022ರ ಡಿಸೆಂಬರ್ ತಿದ್ದುಪಡಿ ಆದ ಮ್ಯಾಲೆ ಹಳೇ ಗಾಡಿನೂ ಬಿಎಚ್‌ಗೆ ಬದಲಿಸಾಕ ಬರ್ತೈತಿ. ಬೀಜದ ಕಂಪನಿಗಳು ಬಹಳ ರಾಜ್ಯದಾಗ ಇರ್ತಾವ, ಕೇಳಿ ನೋಡ್ರಿ. ಆದ್ರ 2019ರ ಕಾರಿಗೆ ಇಷ್ಟೆಲ್ಲಾ ಓಡಾಟ ಬೇಕಾ ಅಂತ ನನ್ನ ಪ್ರಶ್ನಿ. ನನಗ ಕೇಳಿದ್ರ ಸಾಲ ತೀರಿಸಿ ಕೆಎ-36 ನಂಬರಿನ್ಯಾಗೇ ರಾಯಚೂರಾಗ ಮಾರಿಬಿಡ್ರಿ. ಊರಿನ ಗಾಡಿಗೆ ಊರಾಗೇ ಬೆಲಿ.

ಮನಿಯವ್ರ ರೊಟ್ಟಿ ವ್ಯಾಪಾರಕ್ಕ ಜಿಎಸ್‌ಟಿ ಚಿಂತಿ ಬ್ಯಾಡ, ಅಷ್ಟು ದೊಡ್ಡದಲ್ಲ. ಆದ್ರ ಓದೋ ಅಂಗಡಿಕಾರರಿಗೆ ಒಂದು ಮಾತು. ಸರಕು ಮಾರೋರಿಗೆ ಕರ್ನಾಟಕದಾಗ 40 ಲಕ್ಷದ ತನಕ ನೋಂದಣಿ ಬೇಕಿಲ್ಲ, ತೆಲಂಗಾಣ ಮಾತ್ರ ಹಳೇ 20 ಲಕ್ಷದ ಮಿತಿನೇ ಇಟ್ಕೊಂಡೈತಿ. ಅಂಗಡಿ ಎತ್ತಿ ಗದ್ವಾಲಿಗೆ ಇಟ್ರ ಹಳೇ ನಂಬರ್ ನಡೆಯೂದಿಲ್ಲ, ಜಿಎಸ್‌ಟಿ ನೋಂದಣಿ ರಾಜ್ಯಕ್ಕೊಂದು. ಮನಿ ಕೊಳ್ಳೋ ವಿಚಾರ ಇದ್ರ ನೋಂದಣಿ ಖರ್ಚು ಎರಡೂ ಕಡಿ ಹೆಚ್ಚು ಕಮ್ಮಿ ಒಂದೇ. ಕರ್ನಾಟಕದಾಗ 2025ರ ಆಗಸ್ಟ್ ಕೊನಿಗೆ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಮಾಡಿದ ಮ್ಯಾಲೆ ಎಲ್ಲಾ ಸೇರಿ 7.6ರ ಹತ್ರ, ಅಲ್ಲಿ 7.5.


ಲಿಂಗಸುಗೂರು ಟೀಚರ್

ಎಲ್ಲರ ಲೆಕ್ಕವನ್ನೂ ಓದಿದೆ. ಮಗಳ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿ ಜೂನ್‌ನಲ್ಲಿ ಟಿ.ಸಿ. ಕೇಳಲು ಬರುವ ತಂದೆತಾಯಿಗೆ ಇದನ್ನೇ ಹೇಳುತ್ತೇನೆ.

ಸರ್, ನಿಮ್ಮ ಯೋಜನೆಯಲ್ಲಿ ನನಗೆ ಕಾಣುವ ತೊಂದರೆ ಬಾಡಿಗೆಯದ್ದಲ್ಲ. "ಮೊದಲ ವರ್ಷ ಒಬ್ಬನೇ, ಮುಂದಿನ ವರ್ಷ ಎಲ್ಲರೂ" ಎಂದಿದ್ದೀರಿ. ಮುಂದಿನ ವರ್ಷವೆಂದರೆ ನಿಮ್ಮ ಮಗಳು ಹತ್ತನೇ ತರಗತಿ. ಇರುವ ದಾರಿಗಳಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು.

ತೆಲಂಗಾಣದಲ್ಲಿ ವೃತ್ತಿಪರ ಕೋರ್ಸುಗಳಿಗೆ ಸ್ಥಳೀಯ ಅಭ್ಯರ್ಥಿ ಅನ್ನಿಸಿಕೊಳ್ಳಬೇಕಾದರೆ ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷ ಸತತವಾಗಿ ಅಲ್ಲೇ ಓದಿರಬೇಕು. ಅಂದರೆ 9, 10, ಇಂಟರ್ (ನಮ್ಮ ಪಿಯುಸಿಯಂಥದ್ದು) ಎರಡು ವರ್ಷ. ವೈದ್ಯಕೀಯಕ್ಕೆ ಸಂಬಂಧಿಸಿದ 2024ರ ಆದೇಶ ಕೋರ್ಟಿಗೆ ಹೋಯಿತು, 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಅಲ್ಲಿ ಸೇರಿಸಿದರೆ ನಾಲ್ಕು ವರ್ಷ ಸರಿಯಾಗಿ ಆಗುತ್ತದೆ. ಒಂದು ವರ್ಷ ತಡವಾದರೆ ಮೂರೇ ವರ್ಷ.

ಇನ್ನು ನಮ್ಮ ಕಡೆ. ಕರ್ನಾಟಕದ ಸಿಇಟಿಗೆ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಒಟ್ಟು ಏಳು ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇವೆರಡರಲ್ಲಿ ಒಂದನ್ನು ಇಲ್ಲಿ ಪಾಸಾಗಿರಬೇಕು. ನಿಮ್ಮ ಮಗಳಿಗೆ ಏಳು ವರ್ಷ ಈಗಾಗಲೇ ಆಗಿದೆ, ಎರಡನೆಯದು ಬಾಕಿ. ಹತ್ತನೇ ತರಗತಿಗೆ ಆಚೆ ಒಯ್ದು ಇಂಟರ್ ಕೂಡ ಅಲ್ಲೇ ಓದಿಸಿದರೆ ಅವಳು ಅಲ್ಲಿಯ ಸ್ಥಳೀಯಳೂ ಅಲ್ಲ, ಇಲ್ಲಿಯ ಷರತ್ತೂ ಪೂರೈಸುವುದಿಲ್ಲ. ಎಸ್ಸೆಸ್ಸೆಲ್ಸಿ ಇಲ್ಲಿ ಮುಗಿಸಿ ಹೊರಟರೆ ಕರ್ನಾಟಕದ ಬಾಗಿಲು ತೆರೆದೇ ಇರುತ್ತದೆ.

ಇದರ ಬೆಲೆ ಎಷ್ಟು ಎಂದು ಕೇಳಿದರೆ, ನಾವಿರುವುದು ಕಲ್ಯಾಣ ಕರ್ನಾಟಕದಲ್ಲಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ 8 ಸೀಟು ನಮ್ಮ ಮಕ್ಕಳಿಗೆ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವ ದೂರದಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ಕೃಷಿ ವಿಶ್ವವಿದ್ಯಾಲಯ ಇದೆ. ಹುಡುಗಿ ಓದುವವಳಾದರೆ ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಇರುವ ಅಂತರ ಲಕ್ಷಗಳಲ್ಲಿ. ಪೆಟ್ರೋಲಿನ ನೂರಿಪ್ಪತ್ತು ರೂಪಾಯಿ ಎಷ್ಟು ವರ್ಷ ಕೂಡಿಟ್ಟರೂ ಅದಕ್ಕೆ ಸಾಟಿಯಾಗದು. ಈ ಸೀಟಿಗೂ, ನಾಳೆ ನೌಕರಿಗೂ 371(ಜೆ) ಪ್ರಮಾಣಪತ್ರ ಬೇಕು. ಇನ್ನೂ ಮಾಡಿಸಿಲ್ಲವಾದರೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರಕ್ಕೆ ಮೊದಲು ಅರ್ಜಿ ಹಾಕಿ, ಆಮೇಲೆ ಸಾಮಾನು ಕಟ್ಟಿ.

ತೆಲಂಗಾಣದ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ತೆಲುಗು ಕಡ್ಡಾಯ, 2018ರ ಕಾಯ್ದೆ. ಮಗ ಮೂರನೇ ತರಗತಿಯವನು, ಕಲಿತುಬಿಡುತ್ತಾನೆ. ಅವನ ಬಗ್ಗೆ ಈಗ ಯೋಚಿಸಬೇಡಿ.


ಮಾವಿನಕೆರಿ ದಂಡಿ

ಮೇಡಂ, ಬಹಳ ಉಪಕಾರ ಆಯ್ತ್ರಿ. ಇದು ನನ್ನ ತಲ್ಯಾಗೇ ಇದ್ದಿದ್ದಿಲ್ಲ. ಮಗಳಿಗೆ ಕೇಳಿದ್ರ ಅಕಿ "ನಾನು ಎಸ್ಸೆಸ್ಸೆಲ್ಸಿ ಇಲ್ಲೇ ಬರೀತೀನಿ, ನೀನು ಹೋಗು" ಅಂತ ಒಂದೇ ಮಾತಿನಾಗ ಮುಗಿಸಿದ್ಲು. ಅಕಿ ಗೆಳತಿಯರೆಲ್ಲಾ ಇಲ್ಲೇ ಅದಾರ, ಅದೂ ಒಂದು ಕಾರಣ ಅಂತ ನನಗ ಗೊತ್ತು.

ನಿನ್ನೆ ರಾತ್ರಿ ಕುಂತು ಲೆಕ್ಕ ಹಾಕಿದ್ವಿ. ಎಲ್ಲಾರೂ ಹೋದ್ರ: ಸಂಬಳ 14,000 ಏರ್ತದ. ಬಾಡಿಗಿ 15,000 ಹಿಡಿದ್ರೂ ಮೇಂಟೆನೆನ್ಸ್ ಕೂಡಿ 9,000 ಹೆಚ್ಚು. ಕರೆಂಟು ಸರಾಸರಿ 900. ರೊಟ್ಟಿ ರೊಕ್ಕ 6,000 ಆರಂಭಕ್ಕ ನಿಲ್ತದ. ಅಲ್ಲಿಗೆ 15,900. ಅಂದ್ರ ಸಂಬಳ ಏರಿದ್ರೂ ತಿಂಗಳಿಗೆ ಎರಡು ಸಾವಿರ ಸಾಲ. ಇನ್ನೂ ಶಾಲಿ ಫೀಸು ಹಿಡಿದೇ ಇಲ್ಲ.

ನಾನೊಬ್ಬನೇ ಹೋದ್ರ: ಹಾಸ್ಟೆಲ್ ಊಟ ಕೂಡಿ 8,000 ಅಂತ ಇಟ್ಕೊಳ್ರಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರೋದು 1,500, ಮ್ಯಾಲಿನ ಖರ್ಚು ಸಾವಿರ. 3,500 ಉಳೀತದ. ಮೂರೂವರೆ ಸಾವಿರಕ್ಕ ಮನಿ ಬಿಟ್ಟು ಇರೋದೇನು ಅಂತ ಅವ್ವ ಕೇಳ್ತಾಳ.

ಅವ್ವನ ಗೃಹಲಕ್ಷ್ಮಿ, ಬಸ್ಸು ಇವುಗಳದ್ದು ಏನಾಗ್ತದ? ಅಕಿ ತಿಂಗಳಿಗೆ ಒಮ್ಮೆಯರ ಮಂತ್ರಾಲಯಕ್ಕ ಹೋಗಾಕಿ.


ಉಪ್ಪಲ್‌ನ್ಯಾಗ ರಾಯಚೂರು

ಅವ್ವ ರಾಯಚೂರಾಗೇ ಇದ್ರ ಏನೂ ಆಗಂಗಿಲ್ಲ. ಅವರ ಆಧಾರಿನ ವಿಳಾಸ ಮಾತ್ರ ಮುಟ್ಟಬ್ಯಾಡ್ರಿ. ಶಕ್ತಿ ಬಸ್ಸಿಗೆ ಕರ್ನಾಟಕದ ವಿಳಾಸ ಬೇಕು, ಇಲ್ಲಿಯ ಮಹಾಲಕ್ಷ್ಮಿ ಬಸ್ಸಿಗೆ ತೆಲಂಗಾಣದ್ದು ಬೇಕು. ಎರಡೂ ಒಟ್ಟಿಗೆ ಸಿಗಂಗಿಲ್ಲ. ನಮ್ಮ ಮನ್ಯಾಗ ಹೆಂಡತಿದು ಇಲ್ಲಿಯ ಆಧಾರ್, ಅವ್ವನದು ದೇವಸೂಗೂರಿನದು. ಇಬ್ಬರೂ ಕೂಡಿ ಹೊಂಟ್ರ ಕೃಷ್ಣಾ ಹೊಳಿ ಆ ಕಡಿ ಒಬ್ಬರು ಟಿಕೆಟ್ ತೆಗೀತಾರ, ಈ ಕಡಿ ಇನ್ನೊಬ್ಬರು. ಮಂತ್ರಾಲಯ ಆಂಧ್ರದಾಗ ಅದ, ಅಲ್ಲಿಗೆ ಹೋಗೋ ಅಂತರರಾಜ್ಯ ಬಸ್ಸಿಗೆ ಅವ್ವ ಮೊದಲಿಂದ ರೊಕ್ಕ ಕೊಟ್ಟೇ ಹೋಗ್ತಾಳ, ಹೌದಲ್ಲ?

ಒಬ್ಬರೇ ಬರೋದಾದ್ರ ಓಡಾಟಕ್ಕ ರೈಲು ಅದ. ದೇವರಕದ್ರ–ಕೃಷ್ಣಾ ಹೊಸ ಹಳಿ ಮುಗಿದು 2023ರ ಅಕ್ಟೋಬರ್‌ನ್ಯಾಗ ಕಾಚಿಗೂಡ–ರಾಯಚೂರು ಗಾಡಿ ಬಿಟ್ರು. ಬಸ್ಸಿಗಿಂತ ಭಾಳ ಅಗ್ಗ.

ಇನ್ನೊಂದು ಮಾತು ಹೇಳಲಾ? ನಿಮ್ಮ ಲೆಕ್ಕದಾಗ ತೆರಿಗಿ ಎಲ್ಲೂ ಇಲ್ಲ ನೋಡ್ರಿ. ಎಲ್ಲಾ ಬಾಡಿಗಿ, ರೊಟ್ಟಿ, ಶಾಲಿ. ಅದನ್ನೇ ಕಂಪನಿಯವ್ರ ಮುಂದ ಇಡ್ರಿ. 60 ಅಂದವ್ರು 68ಕ್ಕ ಬರಬಹುದು. ಹೈದ್ರಾಬಾದಿನಾಗ ಅದೇ ಕೆಲಸಕ್ಕ ಇಲ್ಲಿಯವ್ರನ್ನ ತಗೊಂಡ್ರ ಅವರಿಗೆ ಅಷ್ಟು ಬೀಳೇ ಬೀಳ್ತದ.


ಹಗರಿ ಹೊಳಿ

ಇದು ಸರಿ. ಜೊತೆಗೆ ಎರಡು ವರ್ಷಕ್ಕೆ ವಾಪಸ್ ರಾಯಚೂರಿಗೆ ಬರ್ತೀನಿ ಅನ್ನೋ ಮಾತು ಬರವಣಿಗೆನಾಗೆ ತಗೊಳ್ರಿ. ಬಾಯಿ ಮಾತಿಗೆ ಮ್ಯಾನೇಜರ್ ಬದಲಾದ ದಿನ ಬೆಲೆ ಇರಲ್ಲ.


ಮಾವಿನಕೆರಿ ದಂಡಿ

ಇವತ್ತು ಫೋನ್ ಹಚ್ಚಿದ್ದೆ. 68 ಆಗಂಗಿಲ್ಲ ಅಂದ್ರು, 64ಕ್ಕ ಒಪ್ಪಿ, ಗೋದಾಮಿನ ಹಿಂದಿನ ಕ್ವಾರ್ಟರ್ಸಿನಾಗ ಒಂದು ಖೋಲಿ ಬಾಡಿಗಿ ಇಲ್ದಂಗ ಕೊಡ್ತೀವಿ ಅಂದಾರ. ಅಡಿಗಿ ನಾನೇ ಮಾಡ್ಕೋಬೇಕು. ಹೆಂಡತಿ ವಾರಕ್ಕಾಗೋವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡ್ತೀನಿ ಅಂದಾಳ. ಹಂಗಾದ್ರ ತಿಂಗಳಿಗೆ ಹನ್ನೊಂದು ಸಾವಿರದ ಸಮೀಪ ಉಳೀತದ. ಮಗಳು ಎಸ್ಸೆಸ್ಸೆಲ್ಸಿ ಮುಗಿಸೋ ತನಕ ಎರಡು ವರ್ಷ ಹೋಗ್ಲೇನು ಅಂತ ಮನಸು ಮಾಡ್ಲಿಕತ್ತೀನಿ. ಬರವಣಿಗಿ ಕೇಳೀನಿ, ಸೋಮವಾರ ಮೇಲ್ ಹಾಕ್ತಾರಂತ.

ಲೆಕ್ಕಿಗರೆ, ಒಬ್ಬನೇ ಹೋಗೋದಾದ್ರ ಕಾರು ಇಲ್ಲೇ ಬಿಟ್ಟು ಬೈಕ್ ಒಯ್ತೀನಿ. ಅದಕ್ಕೂ 12 ತಿಂಗಳದ್ದೇ ಕಾನೂನೇನು?


ಕೊಪ್ಪಳದ ಲೆಕ್ಕಿಗ

ಬೈಕಿಗೂ ಅದೇ ಕಾನೂನ್ರಿ, ಎರಡು ಗಾಲಿ ನಾಲ್ಕು ಗಾಲಿ ಅಂತ ಬ್ಯಾರೆ ಇಲ್ಲ. ಎರಡು ವರ್ಷ ಇರಾವ್ರು ನೀವು, ಹಳೇ ಬೈಕಾದ್ರ ಊರಾಗ ಬಿಡ್ರಿ. ಖೋಲಿ ಗೋದಾಮಿನ ಹಿಂದೇ ಐತಿ ಅಂದ ಮ್ಯಾಲೆ ಗಾಡಿ ಏನಕ್ಕ? ಒಯ್ಯಲೇಬೇಕು ಅಂದ್ರ ಹತ್ತು ತಿಂಗಳಿಗೇ ಎನ್‌ಓಸಿ ಕೆಲಸ ಹಚ್ರಿ, ಅದರ ಅವಧಿಯೊಳಗ ಅಲ್ಲಿ ಅರ್ಜಿ ಬೀಳಬೇಕು. ಲೈಸೆನ್ಸ್ ಬದಲಿಸೋ ಅಗತ್ಯ ಇಲ್ಲ, ದೇಶಕ್ಕೆಲ್ಲಾ ನಡೀತೈತಿ. ವೃತ್ತಿ ತೆರಿಗಿ ಮಾತ್ರ ಮೊದಲ ತಿಂಗಳ ಸ್ಲಿಪ್ಪಿನ್ಯಾಗ ಕರ್ನಾಟಕದ್ದೇ ಕಟ್ ಆಗೇತೋ ತೆಲಂಗಾಣದ್ದೋ ನೋಡ್ಕೋರಿ. ವರ್ಗ ಆದ ತಿಂಗಳು ಎರಡೂ ಕಡಿ ಹಿಡಿದಿದ್ದು ನಾನು ಬೇಕಾದಷ್ಟು ಕಂಡೀನಿ. ಹಂಗಾದ್ರ ಪಗಾರ ಮಾಡೋ ವಿಭಾಗಕ್ಕ ಆ ವಾರವೇ ಬರೀರಿ.